ಮೊದಲು ವಾಲ್ಯೂಮ್ ಸಮ ಮಾಡಿ, ಆಮೇಲೆ ರಿಸೀವರ್ ಹೋಲಿಸಿ

ಮನೆಗಳಿಗೆ ಹೋಮ್ ಥಿಯೇಟರ್ ಹಾಕಿಕೊಡುವುದು ನನ್ನ ಕೆಲಸ. ಟಿವಿ, ಸೆಟ್‌ಟಾಪ್ ಬಾಕ್ಸಿನ ಸದ್ದು ತಗೊಂಡು ಸ್ಪೀಕರ್‌ಗಳನ್ನು ಓಡಿಸುವ ಡಬ್ಬವೇ ರಿಸೀವರ್. "ಸಾರ್, ಈ ಎರಡರಲ್ಲಿ ಯಾವ ರಿಸೀವರ್ ತಗೊಳ್ಳಲಿ?" ಅಂತ ವಾರಕ್ಕೆ ಒಬ್ಬರಾದರೂ ಫೋನ್ ಮಾಡುತ್ತಾರೆ. ಕೇಳಿ ನೋಡಿದ್ರಾ ಅಂದರೆ, "ಹೂಂ, ಅಂಗಡೀಲಿ ಕೇಳಿದೆ, ದುಬಾರಿದೇ ಚೆನ್ನಾಗಿತ್ತು" ಅನ್ನುತ್ತಾರೆ. ನನಗೆ ಅನುಮಾನ ಶುರುವಾಗುವುದೇ ಅಲ್ಲಿ.

ಹಿಂದೊಮ್ಮೆ ರಾಜಾಜಿನಗರದ ಒಬ್ಬರ ಜೊತೆ ಅಂಗಡಿಗೆ ಹೋಗಿದ್ದೆ. ಎರಡು ರಿಸೀವರ್, ಎರಡಕ್ಕೂ ಅದೇ ಸ್ಪೀಕರ್, ಬೆಲೆಯಲ್ಲಿ 30 ಸಾವಿರ ಹೆಚ್ಚುಕಮ್ಮಿ. ಅಂಗಡಿ ಹುಡುಗ ಒಂದರ ವಾಲ್ಯೂಮ್ 45ಕ್ಕೆ ಇಟ್ಟ, ಇನ್ನೊಂದರದ್ದೂ 45ಕ್ಕೇ ಇಟ್ಟ. ದುಬಾರಿಯದು ನಿಜಕ್ಕೂ ತುಂಬಿಕೊಂಡು ಕೇಳಿಸಿತು, ಇವರು ಆಗಲೇ ಕಾರ್ಡ್ ತೆಗೆಯಲು ಜೇಬಿಗೆ ಕೈ ಹಾಕಿದ್ದರು. ಸ್ವಲ್ಪ ತಡೀರಿ ಅಂದೆ. ಎರಡರಲ್ಲೂ ಪಿಂಕ್ ನಾಯ್ಸ್ ಹಾಕಿಸಿ (ತಗಡಿನ ಮೇಲೆ ಜೋರು ಮಳೆ ಬಿದ್ದ ಹಾಗೆ ಒಂದೇ ಸಮ ಬರುವ ಸದ್ದು), ಸೋಫಾದಲ್ಲಿ ಕೂತು ಕಿವಿಯ ಎತ್ತರಕ್ಕೆ ಫೋನ್ ಹಿಡಿದು ಸೌಂಡ್ ಮೀಟರ್ ಆ್ಯಪಿನಲ್ಲಿ ಅಳೆದೆ. ಕಮ್ಮಿ ಬೆಲೆಯದು 72 ಡೆಸಿಬೆಲ್, ದುಬಾರಿಯದು 75.

ಡಬ್ಬದ ಮುಂದೆ ಕಾಣುವ 45 ಎರಡು ಕಂಪನಿಗಳಲ್ಲಿ ಒಂದೇ ಅಲ್ಲ. ಸ್ವಲ್ಪ ಜೋರಾಗಿದ್ದರೆ ನಮ್ಮ ಕಿವಿಗೆ ಅದು ಜೋರು ಅಂತ ಗೊತ್ತಾಗುವುದೇ ಇಲ್ಲ, ಚೆನ್ನಾಗಿದೆ ಅನ್ನಿಸುತ್ತದೆ ಅಷ್ಟೇ. ಈ ಮೋಸಕ್ಕೆ ಒಂದು ಡೆಸಿಬೆಲ್ ಸಾಕು. ಫೋನಿನ ಮೀಟರ್ ತಪ್ಪು ತೋರಿಸಬಹುದು, ಪರವಾಗಿಲ್ಲ, ಎರಡಕ್ಕೂ ಅದೇ ತಪ್ಪು ತಾನೇ. ನೋಡಿದರೆ ದುಬಾರಿಯದನ್ನು ಮೂವಿ ಮೋಡಿನಲ್ಲೂ (ಸಿನಿಮಾಗೆಂದು ಸದ್ದನ್ನು ಬದಲಿಸುವ ಸೆಟ್ಟಿಂಗ್) ಇಟ್ಟಿದ್ದರು. ಎರಡನ್ನೂ ಸ್ಟೀರಿಯೋಗೆ ತಂದು, ವಾಲ್ಯೂಮ್ ಸಮ ಮಾಡಿ, ಇವರನ್ನು ಡಬ್ಬಗಳಿಗೆ ಬೆನ್ನು ಹಾಕಿ ಕೂರಿಸಿ ಮತ್ತೆ ಕೇಳಿಸಿದೆ. ಐದು ನಿಮಿಷ ಆದ ಮೇಲೆ "ಈಗ ಓಡ್ತಿರೋದು ಯಾವುದು ಸಾರ್?" ಅಂದರು.

ಹೀಗೆ ಹೋಲಿಸುವಾಗ ಬೇಗ ಬೇಗ ಬದಲಾಯಿಸಬೇಕು. ಸದ್ದಿನ ನೆನಪು ಕಿವಿಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಮಧ್ಯೆ ಕಾಫಿ ಕುಡಿದು ಬಂದರೆ ಮುಗಿಯಿತು. ಕೇಳಿಸುವುದೂ ಅಷ್ಟೇ, ಅಂಗಡಿಯವರ ಸ್ಫೋಟದ ಡೆಮೋ ಬೇಡ, ಅದು ಎಲ್ಲದರಲ್ಲೂ ಚೆನ್ನಾಗಿರುತ್ತದೆ. ನಾನು ಒಯ್ಯುವುದು ಒಂದು ಯಕ್ಷಗಾನದ ರೆಕಾರ್ಡಿಂಗ್. ಚೆಂಡೆಯ ಪೆಟ್ಟು ಪಟ್ ಅಂತ ಬಂದು ನಿಲ್ಲಬೇಕು, ಅದರ ನಡುವೆಯೂ ಭಾಗವತರ ಮಾತು ಬಿಡಿಸಿ ಕೇಳಬೇಕು. ಆಮೇಲೆ ಮಳೆಯಲ್ಲಿ ಇಬ್ಬರು ಪಿಸುಗುಟ್ಟುವ ಯಾವುದಾದರೂ ದೃಶ್ಯ. ನನ್ನ ಹತ್ತಿರ ಬರುವ ದೂರುಗಳಲ್ಲಿ ಹೆಚ್ಚಿನವು "ಮಾತು ಕೇಳಿಸಲ್ಲ, ಫೈಟ್ ಬಂದ್ರೆ ಕಿವಿ ಹರಿಯುತ್ತೆ" ಅನ್ನುವವೇ.

ಇನ್ನು ವ್ಯಾಟ್. ಪೆಟ್ಟಿಗೆ ಮೇಲೆ ದೊಡ್ಡದಾಗಿ 150 ವ್ಯಾಟ್ ಅಂತಿರುತ್ತದೆ. ಕೆಳಗಿನ ಸಣ್ಣಕ್ಷರ ಓದಿ: 6 ಓಮ್ (ಸ್ಪೀಕರ್ ಒಡ್ಡುವ ತಡೆ), 1 ಕಿಲೋಹರ್ಟ್ಸ್ (ಒಂದೇ ಸ್ವರದಲ್ಲಿ ಅಳೆದದ್ದು), 10% ಡಿಸ್ಟಾರ್ಷನ್ (ಸದ್ದು ಕೆಡುವ ಪ್ರಮಾಣ), ಒಂದೇ ಚಾನೆಲ್ (ಒಂದು ಸ್ಪೀಕರಿಗೆ ಹೋಗುವ ಸಾಲು) ಓಡಿಸಿದಾಗ. ಪಕ್ಕದ ಡಬ್ಬದಲ್ಲಿ 80 ವ್ಯಾಟ್ ಅಂತ ಮಾತ್ರ ಇದ್ದು, ಅದನ್ನು 8 ಓಮ್, 20 ಹರ್ಟ್ಸಿನಿಂದ 20 ಕಿಲೋಹರ್ಟ್ಸ್, 0.08%, ಎರಡು ಚಾನೆಲ್ ಒಟ್ಟಿಗೆ ಓಡಿಸಿ ಅಳೆದಿದ್ದರೆ ಶಕ್ತಿಯಲ್ಲಿ ಅದೇನೂ ಕಮ್ಮಿಯಲ್ಲ. ಅಳತೆಯೇ ಬೇರೆ ಬೇರೆ ಆದಾಗ ಅಂಕಿ ಹೋಲಿಸಿ ಏನು ಬಂತು? ಅದೂ ಅಲ್ಲದೆ ವ್ಯಾಟ್ ಎರಡು ಪಟ್ಟು ಆದರೆ ಸಿಗುವುದು ಬರೀ 3 ಡೆಸಿಬೆಲ್. ಸ್ಪೀಕರಿನ ಸೆನ್ಸಿಟಿವಿಟಿ (1 ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಬರುವ ಸದ್ದು) 88 ಡೆಸಿಬೆಲ್ ಇದ್ದರೆ, 10 ವ್ಯಾಟಿಗೇ ಒಂದು ಮೀಟರ್ ದೂರದಲ್ಲಿ 98 ಬರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅಷ್ಟು ಇಟ್ಟು ನೋಡಿ, ಪಕ್ಕದ ಮನೆಯವರು ಬಾಗಿಲು ತಟ್ಟದಿದ್ದರೆ ಕೇಳಿ. ಸದ್ದು ಥಟ್ಟನೆ ಏರುವ ಕಡೆ ಇನ್ನಷ್ಟು ಬೇಕು, ಒಪ್ಪುತ್ತೇನೆ, ಆದರೆ 80 ಮತ್ತು 100ರ ಜಗಳ ಸುಮ್ನೆ.

ಹಾಗಾದರೆ ಜಾಸ್ತಿ ದುಡ್ಡಿಗೆ ಏನು ಸಿಗುತ್ತದೆ? ಮುಖ್ಯವಾಗಿ ರೂಮ್ ಕರೆಕ್ಷನ್. ಮೈಕ್ ಇಟ್ಟು ಕೋಣೆಯ ಸದ್ದು ಅಳೆದು ತಿದ್ದುವ ವ್ಯವಸ್ಥೆ ಅದು. ಡೆನಾನ್, ಮರಾಂಟ್ಜ್‌ನಲ್ಲಿ ಆಡಿಸ್ಸಿ, ಯಮಾಹಾದಲ್ಲಿ ವೈಪಿಎಒ, ಕೆಲವದರಲ್ಲಿ ಡಿರಾಕ್. ಒಂದೇ ಹೆಸರಿದ್ದರೂ ಕಮ್ಮಿ ಬೆಲೆಯದರಲ್ಲಿ ತಿದ್ದುವುದು ಒರಟು, ಮೇಲಿನದರಲ್ಲಿ ನಯ. ನಮ್ಮ ಹಾಲ್‌ಗಳಲ್ಲಿ ನೆಲಕ್ಕೆ ಗ್ರಾನೈಟ್, ಮೂರು ಕಡೆ ಬೋಳು ಗೋಡೆ. ಹಾಲ್ ಮಧ್ಯೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ, ಠಣ್ ಅಂತ ವಾಪಸ್ ಬಂದರೆ ಇದರ ಬೆಲೆ ಗೊತ್ತಾಗುತ್ತದೆ. ಇದನ್ನು ಅಂಗಡಿಯಲ್ಲಿ ಪರೀಕ್ಷೆ ಮಾಡಲು ಆಗುವುದಿಲ್ಲ, ಮನೆಯಲ್ಲೇ ಆಗಬೇಕು. ಎರಡು ದಿನ ಮನೆಗೆ ಕೊಡುತ್ತೀರಾ ಅಂತ ಕೇಳಿ, ಕೆಲವರು ಕೊಡುತ್ತಾರೆ. ಅಳೆಯುವಾಗ ಮೈಕನ್ನು ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ, ಸೋಫಾ ದಿಂಬಿನ ಮೇಲೆ ಬೇಡ. ಫ್ಯಾನ್ ಆಫ್ ಮಾಡಿ. ಒಂದು ಮನೆಯಲ್ಲಿ ಆರು ಜಾಗದಲ್ಲಿ ಅಳೆದು ಏಳನೆಯದಕ್ಕೆ ಬಂದಾಗ ಕುಕ್ಕರ್ ಕೂಗಿ ಮೊದಲಿಂದ ಶುರು ಮಾಡಿದ್ದೆ.

ಎಚ್‌ಡಿಎಂಐ (ಚಿತ್ರ, ಸದ್ದು ಎರಡನ್ನೂ ಒಂದೇ ಕೇಬಲಿನಲ್ಲಿ ಸಾಗಿಸುವ ಜೋಡಣೆ) ಪರೀಕ್ಷೆ ಬೇಜಾರಿನದು, ಆದರೆ ಬಿಡಬೇಡಿ. ನಿಮ್ಮದೇ ಟಿವಿ, ನಿಮ್ಮದೇ ಸೆಟ್‌ಟಾಪ್ ಬಾಕ್ಸ್, ಗೇಮ್ ಆಡುವ ಮಕ್ಕಳಿದ್ದರೆ ಆ ಗೇಮ್ ಬಾಕ್ಸೂ, ಎಲ್ಲ ಜೋಡಿಸಿ ನೋಡಿ. 2020ರಲ್ಲಿ ಬಂದ ಎಚ್‌ಡಿಎಂಐ 2.1 ರಿಸೀವರ್‌ಗಳಲ್ಲಿ ಹಲವಕ್ಕೆ ಒಂದು ಚಿಪ್ ತೊಂದರೆಯಿಂದ ಎಕ್ಸ್‌ಬಾಕ್ಸ್ ಸಿರೀಸ್ ಎಕ್ಸ್‌ನ 4ಕೆ 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಬದಲಾಗುವ, ತುಂಬಾ ಸ್ಪಷ್ಟವಾದ) ಚಿತ್ರ ಕೊಟ್ಟರೆ ಪರದೆಯೇ ಕಪ್ಪಾಗುತ್ತಿತ್ತು. ಸೆಕೆಂಡ್‌ಹ್ಯಾಂಡಿನಲ್ಲಿ ಆ ಕಾಲದ್ದು ಕಮ್ಮಿಗೆ ಸಿಕ್ಕರೆ ಇದನ್ನೇ ಮೊದಲು ನೋಡಿ.

ಅಮೆರಿಕದಿಂದ ಭಾವ ತರುತ್ತಾರೆ ಅನ್ನುವವರಿಗೆ: ಅಲ್ಲಿಯದು 120 ವೋಲ್ಟಿನದು, ನಮ್ಮ ಗೋಡೆಯಲ್ಲಿ 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಿದರೆ ಸುಡುತ್ತದೆ. ವಾರಂಟಿ ಇಲ್ಲಿ ನಡೆಯುತ್ತದಾ ಅಂತಲೂ ಮೊದಲೇ ಕೇಳಿಕೊಳ್ಳಿ.

ಮನೆಗೆ ತಂದ ಮೊದಲ ವಾರವೇ ಒಂದು ಪೂರ್ತಿ ಸಿನಿಮಾ ಜೋರಾಗಿ ಹಾಕಿ, ಮುಗಿದ ಮೇಲೆ ಮೇಲ್ಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲು ಆಗದಿದ್ದರೆ ಗಾಳಿ ಸಾಲದು. ರಾಜಾಜಿನಗರದವರು ಕೊನೆಗೆ ಕಮ್ಮಿ ಬೆಲೆಯದನ್ನೇ ತಗೊಂಡರು, ತಿಂಗಳೊಳಗೆ "ಇಂಟರ್ವಲ್ ಆದ್ಮೇಲೆ ತಾನೇ ಆಫ್ ಆಗುತ್ತೆ ಸಾರ್, ನಿಮ್ಮ ಮಾತು ಕೇಳಿ ಕೆಟ್ಟೆ" ಅಂತ ಫೋನ್. ಹೋಗಿ ನೋಡಿದರೆ ಟಿವಿ ಯೂನಿಟ್ಟಿನ ಮುಚ್ಚಿದ ಖಾನೆಯೊಳಗೆ ಕೂತಿದೆ, ಮೇಲೆ ಒಂದಿಂಚು ಜಾಗ, ಹಿಂದೆ ಪ್ಲೈವುಡ್. ಬಡಗಿಯನ್ನು ಕರೆಸಿ ಹಿಂದಿನ ಹಲಗೆ ಕೊಯ್ಯಿಸಿ, ಮುಂದಿನ ಬಾಗಿಲು ಬಿಚ್ಚಿಸಿದೆವು. ಆಮೇಲೆ ಆಫ್ ಆಗಿಲ್ಲ. ಬಾಗಿಲು ತೆಗೆಸಿದ್ದಕ್ಕೆ ಅವರ ಮನೆಯವರಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ, ಮೊಮ್ಮಗು ವಾಲ್ಯೂಮ್ ತಿರುಗಿಸುತ್ತಂತೆ.