ಕೈ ಕಟ್ಟಿ ಕೂರುವ ಕೆಲಸ

ನಾವು ವಿಡಿಯೋ ಗೇಮ್ ಮಾಡುವವರು. ಕಳೆದ ತಿಂಗಳು ನಮ್ಮ ತಂಡದ ಹುಡುಗಿಯೊಬ್ಬಳು ಆಟದ ಹೊಸ ಲೆವೆಲ್, ಅಂದರೆ ಹೊಸ ಹಂತ, ತೋರಿಸಲು ಕರೆದಳು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ ಅಷ್ಟೇ. ಕಂಟ್ರೋಲರ್ ನನ್ನ ಕೈಗಿತ್ತಳು. ಓಡಿದೆ, ಹಳ್ಳದ ಅಂಚಿನಲ್ಲಿ ಜಿಗಿಯುವ ಬಟನ್ ಒತ್ತಿದೆ, ಬಿದ್ದೆ. ಮತ್ತೆ ಒತ್ತಿದೆ, ಮತ್ತೆ ಬಿದ್ದೆ.

"ಸರ್, ನೀವು ಸ್ವಲ್ಪ ತಡವಾಗಿ ಒತ್ತುತ್ತಿದ್ದೀರಿ" ಎಂದಳು.

ತಪ್ಪು ಎಲ್ಲಿದೆ ಅಂತ ನನಗೆ ಆಗಲೇ ಗೊತ್ತಾಗಿತ್ತು. ಜಿಗಿಯುವ ಆಟಗಳಲ್ಲಿ ನಾವು ಆಟಗಾರರಿಗೆ ಒಂದು ಸಣ್ಣ ಮೋಸ ಮಾಡುತ್ತೇವೆ. ಪಾತ್ರ ಅಂಚು ದಾಟಿದ ಮೇಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ಜಿಗಿಯಲು ಬಿಡುತ್ತೇವೆ. ಇದಕ್ಕೆ ಕಯೋಟಿ ಟೈಮ್ ಅಂತ ಹೆಸರು. ಕಾರ್ಟೂನಿನ ಕಯೋಟಿ, ಆ ತೋಳದಂಥ ಪ್ರಾಣಿ, ಬಂಡೆಯ ಅಂಚು ದಾಟಿ ಗಾಳಿಯಲ್ಲೇ ಓಡುತ್ತದಲ್ಲ, ಕೆಳಗೆ ನೋಡುವ ತನಕ ಬೀಳುವುದಿಲ್ಲ, ಅಲ್ಲಿಂದ ಬಂದದ್ದು. 2018ರ ಸೆಲೆಸ್ಟ್ ಆಟದ ಪಾತ್ರದ ಕೋಡ್ ಅನ್ನು ಆ ತಂಡದವರೇ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅದರಲ್ಲಿ ಈ ರಿಯಾಯಿತಿ 0.1 ಸೆಕೆಂಡ್. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುವ ಆಟದಲ್ಲಿ 6 ಫ್ರೇಮ್. ಇದ್ದಾಗ ಯಾರಿಗೂ ಕಾಣುವುದಿಲ್ಲ. ಇಲ್ಲದಿದ್ದರೆ ಮಾತ್ರ "ಒತ್ತಿದ್ನಲ್ಲ, ಯಾಕೆ ಬಿದ್ದೆ?" ಅಂತ ಸಿಟ್ಟು ಬರುತ್ತದೆ.

ಅವಳ ಕೋಡಿನಲ್ಲಿ ಅದಿರಲಿಲ್ಲ. ಹೇಳಲು ಒಂದು ಮಾತು ಸಾಕು. ಬರೆಯಲು ಹತ್ತು ನಿಮಿಷ. ನಾನು ಹೇಳಲಿಲ್ಲ. ಸುಮ್ಮನಿರುವುದು ಸುಲಭ ಅಂದುಕೊಳ್ಳಬೇಡಿ, ಬೆರಳುಗಳು ಕೀಬೋರ್ಡಿನ ಕಡೆಗೇ ಎಳೆಯುತ್ತಿದ್ದವು.

ಹಿಂದೆ ನಾನು ಹೀಗಿರಲಿಲ್ಲ. ಬಹಳ ವರ್ಷಗಳ ಹಿಂದೆ, ಬೇರೊಂದು ಕಂಪನಿಯಲ್ಲಿ, ಒಬ್ಬ ಹುಡುಗ ಮಾಡಿದ್ದ ಲೆವೆಲ್ ನನಗೆ ಹಿಡಿಸಲಿಲ್ಲ. ರಾತ್ರಿ ಒಬ್ಬನೇ ಕೂತು ಪೂರ್ತಿ ಬದಲಾಯಿಸಿದೆ. ಬೆಳಿಗ್ಗೆ ಬಂದು ನೋಡಿದ, "ಥ್ಯಾಂಕ್ಸ್ ಸರ್" ಅಂದ. ನಾನು ಬೀಗಿದೆ. ಆಮೇಲೆ ಅವನು ಪ್ರತಿಯೊಂದನ್ನೂ ನನ್ನ ಹತ್ತಿರ ತರತೊಡಗಿದ. ಈ ಬಾಗಿಲು ಇಲ್ಲಿರಲಾ? ಈ ಶತ್ರುವಿಗೆ ಎಷ್ಟು ಹೊಡೆತ ಇಡಲಿ? ಲೆವೆಲ್ ಚೆನ್ನಾಗಿ ಬಂತು, ಅವನು ಮಾತ್ರ ಡಿಸೈನರ್ ಆಗಲಿಲ್ಲ. ನನ್ನ ಕೈಗೆ ಇನ್ನೊಂದು ಕೈ ಆದ. ವರ್ಷದೊಳಗೆ ಕೆಲಸ ಬಿಟ್ಟ. ಅವನಿಗೆ ಆಟ ಮಾಡುವುದು ಸಾಕಾಗಿತ್ತೋ, ನಾನು ಸಾಕಾಗಿದ್ದೆನೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಹಾಗಾಗಿ ಈ ಸಲ ಒಂದೇ ಕೆಲಸ ಹೇಳಿದೆ. ಈ ಆಟ ನೋಡೇ ಇಲ್ಲದ ನಾಲ್ಕು ಜನರನ್ನು ಕರೆದು ಆಡಿಸು. ಪರದೆಯ ಜೊತೆಗೆ ಅವರ ಹೆಬ್ಬೆರಳನ್ನೂ ವಿಡಿಯೋ ಮಾಡು.

ಎರಡು ದಿನ ಬಿಟ್ಟು ಲ್ಯಾಪ್‌ಟಾಪ್ ಹಿಡಿದು ಬಂದಳು. ವಿಡಿಯೋವನ್ನು ನಿಧಾನಗೊಳಿಸಿದ್ದಳು. ಹೆಬ್ಬೆರಳು ಕೆಳಗಿಳಿಯುವ ಹೊತ್ತಿಗೆ ಪಾತ್ರದ ಕಾಲು ಅಂಚಿನಿಂದ ಎರಡೋ ಮೂರೋ ಫ್ರೇಮ್ ಆಚೆಗಿರುತ್ತಿತ್ತು. ನಾಲ್ಕೂ ಜನರದ್ದು ಹಾಗೇ. "ಇವರು ಲೇಟ್ ಮಾಡ್ತಿಲ್ಲ ಸರ್. ನಾವೇ ಬೇಗ ಬೀಳಿಸ್ತಿದ್ದೀವಿ" ಅಂದಳು.

ಆಮೇಲೆ ನನ್ನ ಅಗತ್ಯವೇ ಬೀಳಲಿಲ್ಲ. ಮೊದಲು 0.3 ಸೆಕೆಂಡ್ ಇಟ್ಟಳು. ಪಾತ್ರ ಗಾಳಿಯಲ್ಲಿ ನಡೆದಾಡುವಂತೆ ಕಂಡು ತಾನೇ ನಕ್ಕಳು. ಅಲ್ಲಿಂದ ಇಳಿಸುತ್ತಾ ಬಂದಳು. ದಾರಿಯಲ್ಲಿ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಕೆಲವರು ನೆಲ ಮುಟ್ಟುವುದಕ್ಕೆ ಮೊದಲೇ ಮುಂದಿನ ಜಿಗಿತದ ಬಟನ್ ಒತ್ತಿಬಿಡುತ್ತಾರೆ, ಆಟ ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಆ ಒತ್ತನ್ನು ಕೆಲವು ಫ್ರೇಮ್ ನೆನಪಿಟ್ಟುಕೊಂಡು ನೆಲ ಮುಟ್ಟಿದ ತಕ್ಷಣ ಜಿಗಿಸಬೇಕು. ಇದಕ್ಕೆ ಇನ್‌ಪುಟ್ ಬಫರ್ ಅನ್ನುತ್ತೇವೆ. ಹೆಸರು ಗೊತ್ತಾಗುವ ಮೊದಲೇ ಅವಳು ಅದನ್ನು ಬರೆದು ಮುಗಿಸಿದ್ದಳು.

ಹಾಗಂತ ಎಲ್ಲದಕ್ಕೂ ಬಾಯಿ ಮುಚ್ಚಿಕೊಂಡಿರಬೇಕು ಅಂತಲ್ಲ. ಆಟಗಾರರು ಉಳಿಸಿಟ್ಟ ಆಟವೇ ಹಾಳಾಗುವ ಬಗ್, ಅಂದರೆ ಕೋಡಿನ ದೋಷ, ಕಂಡರೆ ನಾನು ಒಗಟು ಹಾಕುತ್ತಾ ಕೂರುವುದಿಲ್ಲ, ತಕ್ಷಣ ಹೇಳುತ್ತೇನೆ. ಮೂರು ತಿಂಗಳಲ್ಲಿ ಮುಗಿಯದ ಕೆಲಸವನ್ನು ಮೂರು ವಾರಕ್ಕೆ ಒಪ್ಪಿಕೊಂಡು ಬಂದರೂ ಹೇಳುತ್ತೇನೆ, ಸ್ವಲ್ಪ ಗಟ್ಟಿಯಾಗಿಯೇ. ಬಿಡಬೇಕಾದ್ದು ಕೈಗೆ ಸಿಗುವ ಅನುಭವದ ವಿಷಯಗಳನ್ನು. ಜಿಗಿತ ಹಗುರ ಅನಿಸುತ್ತಾ, ಹೊಡೆತಕ್ಕೆ ತೂಕ ಇದೆಯಾ, ಈ ಕೋಣೆಯಲ್ಲಿ ಭಯ ಆಗುತ್ತಾ? ಇವನ್ನು ಬಾಯಲ್ಲಿ ಹೇಳಿದರೆ ಒಂದು ಅಂಕಿ ಮಾತ್ರ ದಾಟುತ್ತದೆ. ಮುಂದಿನ ಆಟದಲ್ಲಿ ಆ ಅಂಕಿ ಕೆಲಸಕ್ಕೆ ಬರುವುದಿಲ್ಲ.

ಬಗ್ ವಿಷಯಕ್ಕೆ ಬಂದರೆ, ಹೊಸಬರಿಗೆ ಸ್ಪೇಸ್ ಇನ್‌ವೇಡರ್ಸ್ ಕಥೆ ಹೇಳುತ್ತೇನೆ. 1978ರ ಆಟ, ಮಾಡಿದವರು ತೊಮೊಹಿರೊ ನಿಶಿಕಾಡೊ. ಪರದೆ ತುಂಬ ಶತ್ರುಗಳಿದ್ದಾಗ ಆ ಕಾಲದ ಯಂತ್ರಕ್ಕೆ ಎಲ್ಲವನ್ನೂ ಬೇಗ ಕದಲಿಸಲು ಆಗುತ್ತಿರಲಿಲ್ಲ. ಹೊಡೆದು ಉರುಳಿಸುತ್ತಾ ಹೋದಂತೆ ಯಂತ್ರದ ಹೊರೆ ಇಳಿದು, ಉಳಿದವು ಜೋರಾಗಿ ಓಡತೊಡಗಿದವು. ನಿಶಿಕಾಡೊ ಅದನ್ನು ಸರಿಪಡಿಸದೆ ಹಾಗೇ ಬಿಟ್ಟರು. ಆಡುತ್ತಾ ಹೋದಂತೆ ಎದೆಬಡಿತ ಏರುವ ಆಟ ಹುಟ್ಟಿದ್ದು ಹಾಗೆ. ಈಗಿನ ಹುಡುಗರು ಬಗ್ ಕಂಡ ಕೂಡಲೇ ದೋಷದ ಟಿಕೆಟ್ ಬರೆದು, ಸರಿಪಡಿಸಿ, ಮುಚ್ಚಿಬಿಡುತ್ತಾರೆ. ಮುಚ್ಚಿ, ಬೇಡ ಅನ್ನಲ್ಲ. ಮುಚ್ಚುವ ಮುಂಚೆ ಒಂದು ಸಲ ಆಡಿ ನೋಡಿ.

ಇಷ್ಟೆಲ್ಲ ಹೇಳುವ ನಾನೂ ಹಳೇ ಸಾಮಾನು ಹೊತ್ತುಕೊಂಡೇ ತಿರುಗುತ್ತೇನೆ. ಒಂದು ಆಟಕ್ಕೆ ಮೂರು ಲೈಫ್ ಇರಬೇಕು ಅಂತ ಹಟ ಹಿಡಿದಿದ್ದೆ. ತಂಡದ ಅತಿ ಕಿರಿಯವನು "ಯಾಕೆ ಸರ್ ಮೂರು?" ಅಂದ. ಬಾಯಿ ತೆರೆದೆ, ಉತ್ತರ ಬರಲಿಲ್ಲ. ಆರ್ಕೇಡ್ ಯಂತ್ರಗಳಿಗೆ ನಾಣ್ಯ ಬೀಳಬೇಕಿತ್ತು, ಆಟಗಾರ ಬೇಗ ಸತ್ತು ಇನ್ನೊಂದು ನಾಣ್ಯ ಹಾಕಬೇಕಿತ್ತು. ಲೈಫ್ ಎಣಿಸುವ ಪದ್ಧತಿ ಆ ಲೆಕ್ಕಾಚಾರದಲ್ಲೇ ಬೆಳೆದದ್ದು. ನಮ್ಮ ಆಟವನ್ನು ಜನ ಒಂದು ಸಲ ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಾನು ಇಲ್ಲದ ನಾಣ್ಯದ ಪೆಟ್ಟಿಗೆಯನ್ನು ಕಾಯುತ್ತಾ ಕೂತಿದ್ದೆ! ಲೈಫ್ ತೆಗೆದೆವು. ಸತ್ತರೆ ಆ ಜಾಗದಿಂದಲೇ ಮತ್ತೆ ಶುರು. ಆಟ ಚೆನ್ನಾಯಿತು. ಅದರ ಪೂರ್ತಿ ಹೆಸರು ಆ ಹುಡುಗನಿಗೇ ಹೋಗಬೇಕು.

ಅಂದಿನಿಂದ ಮೀಟಿಂಗ್‌ನಲ್ಲಿ ನಾನು ಕೊನೆಗೆ ಮಾತಾಡುತ್ತೇನೆ. ಹಿರಿಯ ಮೊದಲು ಬಾಯಿ ಬಿಟ್ಟರೆ ಉಳಿದವರು ತಮ್ಮ ಅಭಿಪ್ರಾಯವನ್ನು ಜೇಬಿಗೆ ಹಾಕಿಕೊಂಡುಬಿಡುತ್ತಾರೆ ಅಲ್ವಾ?

ಒಂದು ವಿಷಯ ಒಪ್ಪಿಕೊಳ್ಳಬೇಕು. ಕಿರಿಯರನ್ನು ಬೆಳೆಸುವ ಈ ಕೆಲಸದಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಮೊದಲು ದಿನದ ಕೊನೆಗೆ ಒಂದು ಲೆವೆಲ್ ಇರುತ್ತಿತ್ತು, ಇಲ್ಲವೇ ಶತ್ರುಗಳ ಸ್ಪ್ರೆಡ್‌ಶೀಟ್ ಇರುತ್ತಿತ್ತು. ಈಗ "ಇವತ್ತು ಏನು ಮಾಡಿದಿರಿ?" ಅಂದರೆ ಮೂರು ಜನರ ಪಕ್ಕ ಕೂತಿದ್ದೆ ಅನ್ನಬೇಕು. ಬೇಜಾರಾದಾಗ ಜಪಾನಿನ ನಿಂಟೆಂಡೊ ಕಂಪನಿಯ ಗುನ್ಪೇ ಯೊಕೊಯಿ ನೆನಪಾಗುತ್ತಾರೆ. 1981ರಲ್ಲಿ ಡಾಂಕಿ ಕಾಂಗ್ ಆಟ ಬಂದಾಗ, ಅದನ್ನು ಮಾಡಿದ ಶಿಗೆರು ಮಿಯಾಮೊಟೊ ಆ ಕಂಪನಿಗೆ ಚಿತ್ರ ಬಿಡಿಸಲು ಸೇರಿದ್ದ ಹುಡುಗ. ಆ ಆಟದ ಮೇಲ್ವಿಚಾರಣೆ ಯೊಕೊಯಿ ಅವರದು. ಆಟ ಆಡದವರಿಗೂ ಮಾರಿಯೊ ಪಾತ್ರ ಹುಟ್ಟಿಸಿದ ಮಿಯಾಮೊಟೊ ಹೆಸರು ಗೊತ್ತಿರುತ್ತದೆ. ಪಕ್ಕದಲ್ಲಿ ನಿಂತವರ ಹೆಸರು ಹೇಳಲು ನಮ್ಮಂಥ ಹುಚ್ಚರೇ ಬೇಕು. ಯೊಕೊಯಿಗೇನು, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರ ಮಾಡಿದ ಹೆಸರಾದರೂ ಇತ್ತು ಅನ್ನಿ.

ನಿನ್ನೆ ಅದೇ ಹುಡುಗಿ ಮತ್ತೆ ಕರೆದಳು. ಆಟದ ಹೊಸ ಆವೃತ್ತಿ. ಕಂಟ್ರೋಲರ್ ಎದುರು ಫೋನನ್ನು ನಿಲ್ಲಿಸಿ, ಕ್ಯಾಮೆರಾವನ್ನು ನನ್ನ ಹೆಬ್ಬೆರಳಿಗೆ ಸರಿಯಾಗಿ ತಿರುಗಿಸಿಟ್ಟಳು. "ಇಲ್ಲಿ ಈ ಅಂತರ..." ಅಂತ ಶುರು ಮಾಡಿದೆ. "ಮಾತಾಡಬೇಡಿ ಸರ್, ಸುಮ್ನೆ ಆಡಿ" ಅಂದಳು. ಹಳ್ಳ ಸುಲಭವಾಗಿ ದಾಟಿದೆ. ಅದರಾಚೆಯ ತೂಗುಸೇತುವೆಯಲ್ಲಿ ನಾಲ್ಕು ಸಲ ಬಿದ್ದೆ. ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಏನು ಅಂತ ಇಣುಕಿದೆ. ಪುಸ್ತಕ ಮುಚ್ಚಿದಳು.