ಮೂರೂವರೆಗೆ ಎಚ್ಚರ, ಕೂಡಲೇ ಬರೆದದ್ದು: ಆಂದ್ರೆ ಬ್ರೆತೋಂನ ಕನಸಿನ ಟಿಪ್ಪಣಿಗಳು

‘1931ರ ಆಗಸ್ಟ್ 26ರ ಕನಸು. ಎಚ್ಚರವಾದದ್ದು ಮೂರೂವರೆಗೆ. ಕೂಡಲೇ ಬರೆದದ್ದು.’

ಇದು ಒಂದು ಕನಸಿನ ತಲೆಬರಹ. ಬರೆದವನು ಆಂದ್ರೆ ಬ್ರೆತೋಂ, ಕನಸು ಮತ್ತು ಒಳಮನಸ್ಸಿನಿಂದ ಸಾಹಿತ್ಯ, ಕಲೆ ಹುಟ್ಟಬೇಕು ಎಂದ ಫ್ರಾನ್ಸಿನ ಸರ್ರಿಯಲಿಸಂ ಚಳವಳಿಯ ಮುಂದಾಳು. ಆಗ ಅವನಿಗೆ 35 ವರ್ಷ. ಆ ಬೇಸಿಗೆಯಲ್ಲಿ ದಕ್ಷಿಣ ಫ್ರಾನ್ಸಿನ ಕಾಸ್ತೆಲಾನ್ ಎಂಬ ಊರಲ್ಲಿದ್ದ. ಅವನ ಬಗ್ಗೆ ಓದಲು ಶುರು ಮಾಡುವವರಿಗೆ ನಾನು ಮೊದಲು ತೋರಿಸುವುದು ಈ ಮೂರು ತುಂಡು ವಾಕ್ಯಗಳನ್ನೇ.

ನಮ್ಮಲ್ಲಿ ಬೆಳಗಿನ ಜಾವದ ಕನಸು ನಿಜವಾಗುತ್ತೆ ಅಂತಾರೆ. ಹಾಗಾಗಿ ಕನಸು ಬಿತ್ತು ಅಂದ ಕೂಡಲೇ ಮನೆಯಲ್ಲಿ ಕೇಳುವ ಪ್ರಶ್ನೆ, ‘ಎಷ್ಟು ಹೊತ್ತಿಗೆ ಬಿತ್ತು?’ ಬ್ರೆತೋಂ ಕೂಡ ಹೊತ್ತು ಬರೆದಿಟ್ಟ, ಆದರೆ ಕಾರಣ ಬೇರೆ. ನೆನಪು ಎಷ್ಟು ಹಸಿಯಾಗಿದ್ದಾಗ ಬರೆದೆ ಎನ್ನುವುದಕ್ಕೆ ಅದು ಗುರುತು. ಡಾಕ್ಟರು ರೋಗಿಯ ಚೀಟಿಯಲ್ಲಿ ಜ್ವರ ನೋಡಿದ ಸಮಯ ಬರೆಯುತ್ತಾರಲ್ಲ, ಹಾಗೆ.

ಈ ಹೋಲಿಕೆ ಸುಮ್ನೆ ಕೊಟ್ಟದ್ದಲ್ಲ. ಬ್ರೆತೋಂ ಓದಿದ್ದು ವೈದ್ಯಕೀಯ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಸೇಂ-ದಿಜಿಯೆ ಎಂಬಲ್ಲಿದ್ದ ಸೇನೆಯ ಮನೋರೋಗ ಕೇಂದ್ರದಲ್ಲಿ ಅವನು ಕೆಲಸ ಮಾಡಿದ. ಯುದ್ಧದಿಂದ ಮನಸ್ಸು ಕೆಟ್ಟು ಬಂದ ಸೈನಿಕರು ಅಲ್ಲಿದ್ದರು. ಅವರ ಕನಸುಗಳನ್ನು ಕೇಳಿ ಬರೆದುಕೊಳ್ಳುವುದನ್ನು ಅವನು ಕಲಿತದ್ದು ಅಲ್ಲೇ. ಆಗ ಅವನಿಗೆ 20 ವರ್ಷ. ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವಿಯೆನ್ನಾದ ವೈದ್ಯ ಫ್ರಾಯ್ಡ್‌ನ ‘ಕನಸುಗಳ ಅರ್ಥ’ ಫ್ರೆಂಚಿಗೆ ಬಂದದ್ದು 1926ರಲ್ಲಿ, ಅಂದರೆ ಹತ್ತು ವರ್ಷ ಆಮೇಲೆ. 1916ರಲ್ಲಿ ಅವನಿಗೆ ಫ್ರಾಯ್ಡ್ ಸಿಕ್ಕಿದ್ದು ಬೇರೆಯವರು ಬರೆದ ಸಾರಾಂಶಗಳಲ್ಲಿ.

1921ರಲ್ಲಿ ವಿಯೆನ್ನಾಗೆ ಹೋಗಿ ಫ್ರಾಯ್ಡ್‌ನನ್ನು ಕಂಡ. ಭೇಟಿ ನಿರಾಸೆ ತಂದಿತು. ಮರುವರ್ಷ ಮಾರ್ಚ್‌ನಲ್ಲಿ ತನ್ನ ಪತ್ರಿಕೆ ‘ಲಿತೆರಾತ್ಯೂರ್’ನಲ್ಲಿ ಆ ಭೇಟಿಯ ಬಗ್ಗೆ ಬರೆದ. ಅದೇ ಸಂಚಿಕೆಯಲ್ಲಿ ತನ್ನ ಮೂರು ಕನಸುಗಳನ್ನೂ ಅಚ್ಚು ಹಾಕಿದ. ಅವನ್ನು ಅವನು ಬಾಯಲ್ಲಿ ಹೇಳಿದ, ಶೀಘ್ರಲಿಪಿ ಬಲ್ಲ ಹೆಣ್ಣುಮಗಳೊಬ್ಬಳು ಬರೆದುಕೊಂಡಳು. 1931ರ ಹೊತ್ತಿಗೆ ನಡುವೆ ಯಾರೂ ಇಲ್ಲ. ನಿದ್ದೆಗಣ್ಣು, ಕಾಗದ, ಅವನದೇ ಕೈ. ಈ ಬದಲಾವಣೆ ನನಗೆ ತುಂಬಾ ದೊಡ್ಡದು ಅನ್ನಿಸುತ್ತೆ. ಇನ್ನೊಬ್ಬರಿಗೆ ಹೇಳುವಾಗ ಕನಸನ್ನು ನಾವು ಕತೆ ಮಾಡಿಬಿಡುತ್ತೇವೆ, ಅಲ್ವಾ?

ಈಗ ಆ ಕನಸಿನ ಒಳಗೆ ಹೋಗೋಣ. ಪ್ಯಾರಿಸ್ಸಿನ ವಿಲಿಯೆ ಮೆಟ್ರೋ ನಿಲ್ದಾಣದ ಹತ್ತಿರ ಒಬ್ಬ ಮುದುಕಿ ಹೊಂಚು ಹಾಕಿ ನಿಂತಿದ್ದಾಳೆ. ಅವಳ ಮೈಮನಸ್ಸಿನಲ್ಲಿ ತಳಮಳ. ಬ್ರೆತೋಂ ಪಕ್ಕದಲ್ಲೇ ಒಂದು ಮಾತು ಸೇರಿಸುತ್ತಾನೆ: ಆ ನಿಲ್ದಾಣ ‘ರೋಮ್’ ಎಂಬ, ಪ್ಯಾರಿಸ್ಸಿನದೇ ಇನ್ನೊಂದು ಮೆಟ್ರೋ ನಿಲ್ದಾಣದ ಥರ ಇತ್ತು. ಇದನ್ನು ಗಮನಿಸಿ. ಕತೆಗಾರನಾಗಿದ್ದರೆ ಯಾವುದಾದರೂ ಒಂದು ಹೆಸರು ಇಟ್ಟುಕೊಂಡು ಮುಂದೆ ಹೋಗುತ್ತಿದ್ದ. ಇವನು ಗೊಂದಲವನ್ನೂ ಗೊಂದಲವಾಗಿಯೇ ಬರೆದಿದ್ದಾನೆ. ಆ ಮುದುಕಿಗೆ ‘ಎಕ್ಸ್’ ಎಂಬವಳ ಮೇಲೆ ಹಗೆ. ಎಕ್ಸ್ ಅಂದರೆ ಬ್ರೆತೋಂ ಕಳೆದುಕೊಂಡ ಪ್ರೇಯಸಿ. ಅಚ್ಚಿಗೆ ಹೋಗುವಾಗ ಹೆಸರು ಮರೆಯಾಗಿ ಅಕ್ಷರ ಉಳಿದಿದೆ.

ಮುಂದೆ ಅವನು ಟೈ ಮಾರುವ ಅಂಗಡಿಗೆ ಹೋಗುತ್ತಾನೆ. ‘ನೊಸ್ಫೆರಾತು’ ಅನ್ನೋ ಟೈ ಎರಡು ವರ್ಷದ ಕೆಳಗೆ ಚೆನ್ನಾಗಿ ಮಾರಾಟವಾಗುತ್ತಿತ್ತು, ಈಗ ಉಳಿದಿದೆಯೋ ಇಲ್ಲವೋ ಅನ್ನುತ್ತಾನೆ ಅಂಗಡಿಯವನು. ಹುಡುಕಿ ತೆಗೆಯುವವನು ಬ್ರೆತೋಂನೇ. ಕಡುಗೆಂಪು ಟೈ. ಅದರ ಮೇಲೆ ಬಿಳಿ ಬಣ್ಣದಲ್ಲಿ ನೊಸ್ಫೆರಾತುವಿನ ಮುಖ. ಆ ಮುಖವೇ ಫ್ರಾನ್ಸಿನ ನಕಾಶೆ ಕೂಡ, ಒಂದು ಊರ ಹೆಸರೂ ಇಲ್ಲದ ಖಾಲಿ ನಕಾಶೆ. ಪೂರ್ವದ ಗಡಿಯನ್ನು ಹಸಿರು, ನೀಲಿ ಗೆರೆಗಳಲ್ಲಿ ಎಳೆದಿದೆ. ಅವು ನದಿಗಳಿರಬೇಕು ಅಂತ ಅವನಿಗೆ ಅನ್ನಿಸುತ್ತೆ, ಆದರೆ ನೋಡಿದರೆ ರಕ್ತಪಿಶಾಚಿಯ ಮುಖದ ಮೇಕಪ್ಪು!

ನೊಸ್ಫೆರಾತು ಎಂಬ ಈ ರಕ್ತಪಿಶಾಚಿ ಬಂದದ್ದು ಜರ್ಮನ್ ನಿರ್ದೇಶಕ ಮುರ್ನೌನ 1922ರ ಸಿನಿಮಾದಿಂದ. ಅದರ ಒಂದು ಸಾಲು ಬ್ರೆತೋಂನನ್ನು ಕಾಡುತ್ತಿತ್ತು: ಅವನು ಸೇತುವೆ ದಾಟಿದಾಗ ದೆವ್ವಗಳು ಎದುರುಗೊಂಡವು. ಟೈ ಎಲ್ಲಿಂದ ಬಂತು? ಟೈ ಕಟ್ಟುವುದೆಂದರೆ ಅವನಿಗೆ ಆಗದು. ಫ್ರಾಯ್ಡ್ ಲೆಕ್ಕದಲ್ಲಿ ಟೈ ಗಂಡಸಿನ ಅಂಗದ ಸಂಕೇತ, ಅದನ್ನೂ ಅವನು ಮುಚ್ಚಿಡದೆ ಹೇಳುತ್ತಾನೆ. ಹೀಗೆ ಒಂದೊಂದು ಎಳೆ ಹಿಡಿದು ಹಗಲಿನ ಮೂಲ ಹುಡುಕುತ್ತಾ ಹೋಗುತ್ತಾನೆ. ಈ ಹುಡುಕಾಟವೇ 1932ರ ಪುಸ್ತಕ ‘ಲೇ ವಾಜ್ ಕೊಮ್ಯುನಿಕಾಂ’ನ ಮೊದಲ ಭಾಗದ ಜೀವಾಳ.

ಆ ಹೆಸರಿನ ಅರ್ಥ, ಒಂದಕ್ಕೊಂದು ಕೂಡಿಕೊಂಡ ಪಾತ್ರೆಗಳು. ಮನೆ ಕಟ್ಟುವಾಗ ಗಾರೆಯವರು ನೀರು ತುಂಬಿದ ಪಾರದರ್ಶಕ ಪೈಪನ್ನು ಎರಡು ಗೋಡೆಗೆ ಹಿಡಿದು ಮಟ್ಟ ನೋಡುವುದನ್ನು ನೀವು ನೋಡಿರುತ್ತೀರಿ. ಒಂದು ತುದಿ ಎಷ್ಟೇ ದೂರ ಇರಲಿ, ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತೆ. ಬ್ರೆತೋಂ ಹೇಳುವುದು ಅದನ್ನೇ. ನಿದ್ದೆ ಒಂದು ತುದಿ, ಎಚ್ಚರ ಇನ್ನೊಂದು ತುದಿ, ನಡುವೆ ಪೈಪು ಇದೆ.

ಹಾಗಾದರೆ ಆ ಮುದುಕಿ ಯಾರು? ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತದ್ದು ಇಲ್ಲಿ. ಅವಳು ನಾಜಾ. 1926ರಲ್ಲಿ ಬ್ರೆತೋಂಗೆ ಪ್ಯಾರಿಸ್ಸಿನ ಬೀದಿಯಲ್ಲಿ ಸಿಕ್ಕಿದ್ದ ಹುಡುಗಿ. ಆ ನಿಲ್ದಾಣಗಳ ಹತ್ತಿರದ ಶೆರುವಾ ಬೀದಿಯಲ್ಲಿ ಇದ್ದವಳು. 1927ರಲ್ಲಿ ಅವಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅವನು ನೋಡಲು ಹೋಗಲಿಲ್ಲ. 1928ರಲ್ಲಿ ಅವಳ ಹೆಸರಿನಲ್ಲೇ ಪುಸ್ತಕ ಬರೆದ. ಅವಳೇನಾದರೂ ಅದನ್ನು ಓದಿ ನೊಂದುಕೊಂಡು ತಿರುಗಿ ಬಂದರೆ? ಆ ಭಯವೇ ಮುದುಕಿಯ ರೂಪ ತಾಳಿದೆ ಅಂತ ಅವನೇ ಬರೆಯುತ್ತಾನೆ. ಹಗಲಲ್ಲಿ ಅಷ್ಟು ನೇರವಾಗಿ ಒಪ್ಪಿಕೊಳ್ಳದ ಮಾತನ್ನು ಮೂರೂವರೆ ಗಂಟೆಯ ಟಿಪ್ಪಣಿ ಅವನ ಬಾಯಿಂದ ಹೊರಡಿಸಿತು. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಅತ್ಯಂತ ಪ್ರಾಮಾಣಿಕ ಜಾಗ ಇದು.

ಬ್ರೆತೋಂ ತನಗಿಂತ ಹಿಂದಿನ ಒಬ್ಬನನ್ನೂ ನೆನೆಯುತ್ತಾನೆ, 19ನೇ ಶತಮಾನದ ಫ್ರೆಂಚ್ ವಿದ್ವಾಂಸ ಎರ್ವೆ ದ ಸೇಂ-ದೆನಿ. ಹದಿಹರೆಯದಿಂದಲೇ ಕನಸು ಬರೆದಿಟ್ಟವನು. 22 ನೋಟುಪುಸ್ತಕ, 1946 ರಾತ್ರಿಗಳು, ಜೊತೆಗೆ ಬಣ್ಣದ ಚಿತ್ರಗಳು. ಒಬ್ಬೊಬ್ಬ ಹೆಂಗಸಿನ ಜೊತೆ ನೃತ್ಯ ಮಾಡುವಾಗಲೂ ಒಂದೊಂದೇ ಟ್ಯೂನ್ ನುಡಿಸುವಂತೆ ವಾದ್ಯದವರಿಗೆ ಹೇಳಿಟ್ಟಿದ್ದ. ಆಮೇಲೆ ನಿದ್ದೆಯಲ್ಲಿ ಆ ಟ್ಯೂನ್ ಕೇಳಿಸಿಕೊಂಡು, ಆ ಹೆಂಗಸೇ ಕನಸಿಗೆ ಬರುತ್ತಾಳಾ ಎಂದು ಪರೀಕ್ಷೆ ಮಾಡಿದ.

ಬ್ರೆತೋಂ ತನ್ನ ಪುಸ್ತಕವನ್ನು ಫ್ರಾಯ್ಡ್‌ಗೆ ಕಳಿಸಿದ. 1932ರ ಡಿಸೆಂಬರ್‌ನಲ್ಲಿ ಉತ್ತರ ಬಂತು. ಸರ್ರಿಯಲಿಸಂ ಅಂದರೇನು, ಅದಕ್ಕೆ ಏನು ಬೇಕು, ನನಗೆ ಸ್ಪಷ್ಟವಾಗುತ್ತಿಲ್ಲ ಅಂತ ಫ್ರಾಯ್ಡ್ ಬರೆದ. ಐದು ವರ್ಷದ ನಂತರ, ಬ್ರೆತೋಂ ಕನಸುಗಳ ಒಂದು ಸಂಕಲನ ಮಾಡಹೊರಟಾಗ, ಇನ್ನೂ ಗಟ್ಟಿ ಮಾತು ಬಂತು. ಕನಸು ಕಂಡವನ ನೆನಪಿನ ಎಳೆಗಳು ಇಲ್ಲದೆ, ಸಂದರ್ಭ ಗೊತ್ತಿಲ್ಲದೆ, ಬರೀ ಕನಸುಗಳ ರಾಶಿ ನನಗೆ ಏನನ್ನೂ ಹೇಳುವುದಿಲ್ಲ. ಇದು ಆ ಪತ್ರದ ಸಾರ. 1931ರ ಟಿಪ್ಪಣಿಗೆ ಈ ಆಕ್ಷೇಪ ತಾಗುವುದಿಲ್ಲ, ಯಾಕೆಂದರೆ ಅಲ್ಲಿ ಎಳೆಗಳೂ ಇವೆ, ಸಂದರ್ಭವೂ ಇದೆ. ಬರೀ ಕನಸನ್ನು ಅಚ್ಚು ಹಾಕಿದ ಪತ್ರಿಕೆಗಳಿಗೆ ಮಾತ್ರ ಅದು ಸರಿಯಾಗಿ ತಾಗುತ್ತೆ.

ಓದುವಾಗ ಒಂದು ಕಡೆ ಜಾಸ್ತಿ ಜನ ಎಡವುತ್ತಾರೆ. 1919ರಲ್ಲಿ ಬ್ರೆತೋಂ ಮತ್ತು ಅವನ ಕವಿಗೆಳೆಯ ಸೂಪೋ ಮಾಡಿದ ‘ತಾನಾಗಿ ಬರುವ ಬರಹ’ ಎಚ್ಚರದಲ್ಲೇ, ತಡೆಯಿಲ್ಲದೆ, ವೇಗವಾಗಿ ಬರೆದದ್ದು. 1922ರಲ್ಲಿ ಅದೇ ಬಳಗದ ಬರಹಗಾರರಾದ ಕ್ರೆವೆಲ್, ದೆಸ್ನೋಸ್ ಮಾತಾಡಿದ್ದು ಸಮ್ಮೋಹನದಂಥ ಅರೆನಿದ್ದೆಯಲ್ಲಿ. ಕನಸಿನ ಟಿಪ್ಪಣಿ ಇವೆರಡೂ ಅಲ್ಲ. ಅದು ಆಗಿಹೋದದ್ದನ್ನು ನೆನೆದು ಬರೆಯುವುದು.

ಇನ್ನೊಬ್ಬನನ್ನು ಜೊತೆಗಿಟ್ಟು ಓದಿ: ಫ್ರೆಂಚ್ ಬರಹಗಾರ ಮಿಶೆಲ್ ಲೇರಿಸ್. 1922ರಿಂದ 1989ರವರೆಗೆ ಖಾಸಗಿ ದಿನಚರಿ ಬರೆದ. ಅದು ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1992ರಲ್ಲಿ. 1931ರಿಂದ 33ರವರೆಗೆ ಡಕಾರ್‌ನಿಂದ ಜಿಬೂಟಿವರೆಗೆ ಸಂಶೋಧಕರ ತಂಡದ ಜೊತೆ ಆಫ್ರಿಕಾ ಸುತ್ತಿದ, ಅಲ್ಲಿಯ ದಿನಚರಿಯಲ್ಲೂ ಕನಸುಗಳಿವೆ. ಬ್ರೆತೋಂ ಥರ ಅವನು ಅರ್ಥ ಬಿಡಿಸಲು ಹೋಗುವುದಿಲ್ಲ. ಕನಸುಗಳನ್ನು ತಿದ್ದಿ ತೀಡಿ ಪುಸ್ತಕ ಮಾಡಿದ, ನಡುನಡುವೆ ನಿಜವಾಗಿ ನಡೆದ ಘಟನೆಗಳನ್ನೂ ಸೇರಿಸಿ, ಅವುಗಳ ಮೇಲೆ ‘ಬದುಕಿದ್ದು’ ಎಂದು ಗುರುತು ಹಾಕಿದ. ಗುರುತು ತೆಗೆದರೆ ಯಾವುದು ಕನಸು, ಯಾವುದು ಹಗಲು ಹೇಳುವುದು ಕಷ್ಟ.

ಲೇರಿಸ್ ತಾರೀಖು ಹಾಕುವ ರೀತಿಯೂ ನನಗಿಷ್ಟ. ಒಂದೇ ದಿನ ಅಲ್ಲ, ಎರಡು: 20-21 ಎನ್ನುವ ಹಾಗೆ. ರಾತ್ರಿ ಎರಡು ದಿನಕ್ಕೂ ಸೇರಿದ್ದಲ್ವಾ. ಇವರನ್ನು ಓದುತ್ತಾ ನಾನೂ ತಲೆದಿಂಬಿನ ಪಕ್ಕ ಒಂದು ನೋಟುಪುಸ್ತಕ ಇಟ್ಟುಕೊಂಡೆ. ಮೊದಲ ಪುಟದಲ್ಲಿ ಇರುವುದು ಇಷ್ಟೇ: ‘ಅಜ್ಜಿ ಮನೆ, ಬಾವಿ ಇಲ್ಲ, ಹಗ್ಗ ಮಾತ್ರ ಇದೆ.’ ಬಲಗಡೆ ಕನಸು, ಎಡಗಡೆ ಪುಟ ಖಾಲಿ. ಹಗಲಲ್ಲಿ ಏನಾದರೂ ಹೊಳೆದರೆ ಅಲ್ಲಿ ಬರೆಯುತ್ತೇನೆ. ಆ ಹಗ್ಗದ ಎದುರಿನ ಪುಟ ತುಂಬಲು ಹನ್ನೊಂದು ದಿನ ಹಿಡಿಯಿತು.