ಡಿಸ್ಕಿಗೂ ಒಂದು ಪರಿವಿಡಿ

ಫೋಲ್ಡರ್ ಅಂದರೆ ಒಂದು ಡಬ್ಬಿ, ಫೈಲುಗಳು ಅದರೊಳಗೆ ಕೂತಿರುತ್ತವೆ ಅಂತ ತುಂಬ ಜನ ನಂಬಿದ್ದಾರೆ. ಡಿಸ್ಕಿನ ಮೇಲೆ ಅಂಥ ಡಬ್ಬಿ ಎಲ್ಲೂ ಇಲ್ಲ. ಒಂದು ಪಟ್ಟಿ ಇದೆ, ಆ ಪಟ್ಟಿ ತೋರಿಸುವ ಜಾಗಗಳಿವೆ, ಅಷ್ಟೇ. ಇದು ಚೆನ್ನಾಗಿ ಕಾಣಬೇಕಾದರೆ ಪರದೆಯ ಮೇಲೆ ಫೋಲ್ಡರಿನ ಚಿತ್ರ ಬರುವುದಕ್ಕೂ ಮೊದಲಿನ ಯಂತ್ರಗಳನ್ನು ನೋಡಬೇಕು. ಐಬಿಎಂ 1964ರಲ್ಲಿ ಘೋಷಿಸಿದ ಸಿಸ್ಟಂ/360 ಕಂಪ್ಯೂಟರುಗಳು ಮತ್ತು ಅವುಗಳ ಆಪರೇಟಿಂಗ್ ಸಿಸ್ಟಂ ಓಎಸ್/360 ಅಂದರೆ ನನಗೆ ಬಹಳ ಪ್ರೀತಿ.

ಅಲ್ಲಿ ಫೈಲಿಗೆ ಡೇಟಾ ಸೆಟ್ ಅನ್ನುತ್ತಿದ್ದರು, ಡಿಸ್ಕಿಗೆ ವಾಲ್ಯೂಮ್. ಪುಸ್ತಕದ ಸಂಪುಟಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಸಂಪುಟ ಅಂದಮೇಲೆ ಪರಿವಿಡಿ ಬೇಕಲ್ವಾ? ಇತ್ತು. ವಾಲ್ಯೂಮ್ ಟೇಬಲ್ ಆಫ್ ಕಂಟೆಂಟ್ಸ್, ಚಿಕ್ಕದಾಗಿ ವೀಟಾಕ್. ಡಿಸ್ಕಿನ ತಟ್ಟೆಯ ಮೇಲೆ ಡೇಟಾ ಬರೆಯುವ ಒಂದೊಂದು ವೃತ್ತಕ್ಕೂ ಟ್ರ್ಯಾಕ್ ಅನ್ನುತ್ತಾರೆ. ಮೊದಲ ಟ್ರ್ಯಾಕಿನ ಮೂರನೇ ದಾಖಲೆಯಲ್ಲಿ ಡಿಸ್ಕಿನ ಹೆಸರು ಇರುತ್ತಿತ್ತು, ಜೊತೆಗೆ ಈ ವೀಟಾಕ್ ಎಲ್ಲಿದೆ ಅನ್ನುವ ವಿಳಾಸ.

ಆ ಕಾಲದ 2311 ಡಿಸ್ಕಿನಲ್ಲಿ ಬರೆಯಲು ಹತ್ತು ಮೇಲ್ಮೈಗಳು. ಅವುಗಳನ್ನು ಓದುವ, ಬರೆಯುವ ಹತ್ತೂ ತಲೆಗಳು ಒಟ್ಟಿಗೇ ಸರಿಯುತ್ತಿದ್ದವು. ಹಾಗಾಗಿ ಒಂದರ ಕೆಳಗೊಂದು ಬರುವ ಹತ್ತು ಟ್ರ್ಯಾಕುಗಳಿಗೆ ಸಿಲಿಂಡರ್ ಅಂತ ಹೆಸರು. ಒಂದು ಟ್ರ್ಯಾಕಿಗೆ 3,625 ಬೈಟು, ಇಂಥ 200 ಸಿಲಿಂಡರು, ಗುಣಿಸಿದರೆ 72.5 ಲಕ್ಷ ಬೈಟು. ಇವತ್ತು ಮೊಬೈಲಿನಲ್ಲಿ ತೆಗೆದ ಎರಡು ಮೂರು ಫೋಟೋಗೇ ಅದು ತುಂಬಿಹೋಗುತ್ತದೆ.

ಈಗ ನನ್ನ ಮೆಚ್ಚಿನ ಭಾಗ. 360ರ ಸಣ್ಣ ಮಾದರಿಗಳಿಗೆ ಮೆಮೊರಿ ಕೆಲವೇ ಸಾವಿರ ಬೈಟು. ವೀಟಾಕ್ ಪೂರ್ತಿ ಓದಿ ಮೆಮೊರಿಯಲ್ಲಿಟ್ಟುಕೊಂಡು ಹುಡುಕಲು ಜಾಗವೇ ಇಲ್ಲ. ಅದಕ್ಕೇ ಹುಡುಕುವ ಕೆಲಸವನ್ನು ಡಿಸ್ಕಿನ ಕಡೆಗೇ ಒಪ್ಪಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ನಾವು ಪ್ರತಿ ಬಸ್ಸಿಗೂ ಹತ್ತಿ ಕಂಡಕ್ಟರನ್ನು ಕೇಳುವುದಿಲ್ಲ, ನಿಂತಲ್ಲೇ ಬೋರ್ಡು ನೋಡುತ್ತೇವೆ. ಇದೂ ಹಾಗೇ. ವೀಟಾಕಿನ ಪ್ರತಿ ದಾಖಲೆಯ ಮುಂದೆ 44 ಬೈಟಿನ ಹೆಸರು, ಅದೇ ಬೋರ್ಡು. ಹಿಂದೆ 96 ಬೈಟಿನ ವಿವರ: ಡೇಟಾ ಯಾವ ಸಿಲಿಂಡರಿನಿಂದ ಶುರು, ಎಲ್ಲಿಗೆ ಮುಗಿಯುತ್ತದೆ ಇತ್ಯಾದಿ. ಡಿಸ್ಕು ನಿಮಿಷಕ್ಕೆ 2,400 ಸುತ್ತು ತಿರುಗುತ್ತಿದ್ದರೆ ಡಿಸ್ಕನ್ನು ನಡೆಸುವ ಕಂಟ್ರೋಲ್ ಯೂನಿಟ್ಟು ಹೆಸರಿನ ಚೀಟಿ ಹಿಡಿದು ನಿಂತಿರುತ್ತಿತ್ತು, ರೈಲ್ವೆ ಸ್ಟೇಷನ್ನಿನಲ್ಲಿ ನೆಂಟರಿಗಾಗಿ ಕಾಯುವವರ ಹಾಗೆ. ಹೆಸರು ಮೊದಲು ಬರುತ್ತದೆ, ಹೊಂದಿದರೆ ಅದರ ಹಿಂದೆಯೇ ಬರುವ ವಿವರವನ್ನು ಅದೇ ಸುತ್ತಿನಲ್ಲಿ ಓದಿಕೊಳ್ಳಬಹುದು. ಅಷ್ಟು ಹೊತ್ತೂ ಪ್ರೊಸೆಸರ್ ತನ್ನ ಪಾಡಿಗೆ ಬೇರೆ ಕೆಲಸ ಮಾಡಿಕೊಂಡಿರುತ್ತಿತ್ತು. ಎಷ್ಟು ಚೆಂದ! ಆದರೆ ಹುಡುಕಾಟ ಮುಗಿಯುವವರೆಗೆ ಡಿಸ್ಕಿಗೂ ಮೆಮೊರಿಗೂ ನಡುವಿನ ದಾರಿಯಾದ ಚಾನೆಲ್ ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ಮುಂದೆ ಮೆಮೊರಿ ಅಗ್ಗವಾದಾಗ ಇದೇ ಜಾಣತನ ಭಾರವಾಯಿತು, ವೀಟಾಕಿಗೇ ಇನ್ನೊಂದು ಸೂಚಿ ಸೇರಿಸಬೇಕಾಯಿತು.

ಜಾಗವನ್ನೂ ಮೊದಲೇ ಕೇಳಬೇಕಿತ್ತು. ಐದು ಸಿಲಿಂಡರ್ ಕೊಡು, ಸಾಲದಿದ್ದರೆ ಎರಡೆರಡರಂತೆ ಕೊಡು ಅಂತ ಬರೆದುಕೊಡಬೇಕು. ಒಂದು ಡಿಸ್ಕಿನಲ್ಲಿ ಹೆಚ್ಚೆಂದರೆ 16 ತುಂಡು. ಅದೂ ಮುಗಿದರೆ ಬಿ37 ಅನ್ನುವ ದೋಷದ ಸಂಕೇತ ಹೇಳಿ ಪ್ರೋಗ್ರಾಂ ಅರ್ಧಕ್ಕೇ ನಿಂತುಬಿಡುತ್ತಿತ್ತು.

ಡೇಟಾ ಸೆಟ್ಟಿನ ಹೆಸರಿನಲ್ಲಿ ಚುಕ್ಕಿಗಳಿರುತ್ತಿದ್ದವು. ಅದನ್ನು ನೋಡಿ ಫೋಲ್ಡರಿನೊಳಗೆ ಫೋಲ್ಡರ್ ಅಂದುಕೊಳ್ಳುವವರು ಜಾಸ್ತಿ. ವೀಟಾಕಿಗೆ ಅದು ಸುಮ್ನೆ 44 ಅಕ್ಷರದೊಳಗಿನ ಒಂದು ಉದ್ದ ಹೆಸರು. ಡೈರೆಕ್ಟರಿಯೊಳಗೆ ಡೈರೆಕ್ಟರಿ ಅನ್ನುವ ಮರದಂಥ ಏರ್ಪಾಡನ್ನು 1965ರಲ್ಲಿ ಮಲ್ಟಿಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದ ತಂಡದವರು ಒಂದು ಪ್ರಬಂಧದಲ್ಲಿ ವಿವರಿಸಿದರು. ಇವತ್ತಿನ ಫೋಲ್ಡರುಗಳು ಆ ವಂಶದವು.

ಚುಕ್ಕಿಗಳು ಉಪಯೋಗಕ್ಕೆ ಬರುತ್ತಿದ್ದದ್ದು ಕ್ಯಾಟಲಾಗಿನಲ್ಲಿ. ಅದು ಬೇರೆಯೇ ಪುಸ್ತಕ. ಯಾವ ಡೇಟಾ ಸೆಟ್ ಯಾವ ಡಿಸ್ಕಿನಲ್ಲಿದೆ ಅಂತ ಕ್ಯಾಟಲಾಗ್ ಹೇಳುತ್ತದೆ, ಆ ಡಿಸ್ಕಿನಲ್ಲಿ ಎಲ್ಲಿದೆ ಅಂತ ವೀಟಾಕ್ ಹೇಳುತ್ತದೆ. ಹಾಗಾಗಿ ಅಳಿಸುವುದರಲ್ಲೂ ಎರಡು ಬಗೆ. ವೀಟಾಕಿನಿಂದ ತೆಗೆದರೆ ಜಾಗ ಬಿಡುಗಡೆಯಾಗುತ್ತದೆ, ಆದರೆ ಬೇರೆಯವರು ಅಲ್ಲಿ ಬರೆಯುವವರೆಗೆ ಹಳೆಯ ಅಕ್ಷರಗಳು ತಟ್ಟೆಯ ಮೇಲೆ ಹಾಗೇ ಇರುತ್ತವೆ. ಕ್ಯಾಟಲಾಗಿನಿಂದ ಮಾತ್ರ ತೆಗೆದರೆ ಹೆಸರು ಹೇಳಿ ಕೇಳಿದವರಿಗೆ ಅದು ಸಿಗುವುದಿಲ್ಲ, ಜಾಗವೂ ಖಾಲಿಯಾಗುವುದಿಲ್ಲ. ಡಿಸ್ಕಿನ ಆರಕ್ಷರದ ಗುರುತು ನೆನಪಿದ್ದವರು ಅದನ್ನು ಬರೆದುಕೊಟ್ಟರೆ ಮಾತ್ರ ಮತ್ತೆ ತೆರೆಯುತ್ತಿತ್ತು.